ಸೇಡಿಗೆ ಎಷ್ಟು ಹೊತ್ತು ಬೇಕು? ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ ಮೂರು ಸಲ ತೆರೆಗೆ ಬಂದ ಬಗೆ

ಹಿರೋಆಕಿ ಸಮುರಾ ಬರೆದು ಚಿತ್ರಿಸಿದ ‘ಬ್ಲೇಡ್ ಆಫ್ ದಿ ಇಮ್ಮಾರ್ಟಲ್’ ಮಾಂಗಾ (ಜಪಾನಿ ಕಾಮಿಕ್ಸ್) ಮೂರು ಸಲ ತೆರೆಗೆ ಬಂದಿದೆ. 2008ರಲ್ಲಿ 13 ಕಂತುಗಳ ಅನಿಮೆ (ಜಪಾನಿ ಅನಿಮೇಷನ್), 2017ರಲ್ಲಿ ನಟರನ್ನಿಟ್ಟು ತೆಗೆದ ಸಿನಿಮಾ, 2019ರಲ್ಲಿ 24 ಕಂತುಗಳ ಮತ್ತೊಂದು ಅನಿಮೆ. ಇವುಗಳ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ರಕ್ತಪಾತದ ಸುತ್ತಲೇ ಸುತ್ತುತ್ತದೆ. ನನ್ನ ಪ್ರಕಾರ ಈ ಮೂರನ್ನೂ ಅಳೆಯಬೇಕಾದದ್ದು ಬೇರೆಯದರಿಂದ: ಸೇಡು ತೀರಿಸಿಕೊಳ್ಳಲು ಹೊರಟ ಒಂದು ಹುಡುಗಿಗೆ ಅನುಮಾನಪಡಲು ಅವು ಎಷ್ಟು ಹೊತ್ತು ಕೊಟ್ಟವು ಎಂಬುದರಿಂದ.

ಕಥೆ ನಡೆಯುವ ಎದೊ ಕಾಲದ (1603–1868) ಜಪಾನಿನಲ್ಲಿ ಸೇಡಿಗೂ ಕಟ್ಟಳೆಗಳಿದ್ದವು. ತಂದೆ ತಾಯಿ ಅಥವಾ ಅಣ್ಣ ಕೊಲೆಯಾದರೆ ಸಮುರಾಯ್ ಮನೆತನದವರು ಒಡೆಯನ ಅನುಮತಿ ಪಡೆದು, ಅಧಿಕಾರಿಗಳಲ್ಲಿ ದಾಖಲು ಮಾಡಿಸಿ, ಕೊಂದವನನ್ನು ಹುಡುಕಿ ಕೊಲ್ಲಬಹುದಿತ್ತು. ಮಗನಿಗಾಗಿ ತಂದೆ, ತಮ್ಮನಿಗಾಗಿ ಅಣ್ಣ ಹಾಗೆ ಮಾಡುವಂತಿರಲಿಲ್ಲ. ಒಮ್ಮೆ ಸೇಡು ತೀರಿದ ಮೇಲೆ ಸತ್ತವನ ಕಡೆಯವರು ಮತ್ತೆ ಕತ್ತಿ ಎತ್ತುವುದೂ ನಿಷಿದ್ಧ. ಇಲ್ಲದಿದ್ದರೆ ಎರಡು ಮನೆತನಗಳು ನಿರ್ವಂಶವಾಗುವ ತನಕ ಹಗೆ ನಿಲ್ಲುತ್ತಿರಲಿಲ್ಲ. ಈ ಪದ್ಧತಿಯನ್ನು 1873ರಲ್ಲಿ, ಎದೊ ಕಾಲದ ನಂತರ ಬಂದ ಮೆಯ್ಜಿ ಸರ್ಕಾರ ಪೂರ್ತಿ ರದ್ದುಮಾಡಿತು.

ಜನರ ಮನಸ್ಸಿನಲ್ಲಿ ಉಳಿದದ್ದು ಕಟ್ಟಳೆಯಲ್ಲ, 47 ರೋನಿನ್‌ಗಳು, ಅಂದರೆ ಒಡೆಯನಿಲ್ಲದ ಸಮುರಾಯ್‌ಗಳು. 1701ರಲ್ಲಿ ತಮ್ಮ ಒಡೆಯ ಅಸಾನೊ ಹೊಟ್ಟೆ ಬಗೆದುಕೊಂಡು ಸಾಯಬೇಕಾಗಿ ಬಂದದ್ದಕ್ಕೆ, ಅವರು ಸುಮಾರು ಎರಡು ವರ್ಷ ಕಾದು ಕಿರಾ ಎಂಬ ಅಧಿಕಾರಿಯ ತಲೆ ತೆಗೆದರು. 1748ರ ಹೊತ್ತಿಗೆ ಅದು ಬೊಂಬೆಯಾಟವಾಗಿ ರಂಗಕ್ಕೆ ಬಂತು, ಆಮೇಲೆ ಕಬುಕಿ ನಾಟಕ, ಸಿನಿಮಾ, ಟಿ.ವಿ. ಎಲ್ಲ ಕಡೆಗೂ ಹರಡಿತು. ಸಹಿಸು, ಕಾಯಿ, ಕೊಲ್ಲು, ನಿಷ್ಠೆಯಿಂದ ಸಾಯಿ ಎಂಬ ಅಚ್ಚು ಅಲ್ಲಿಂದ ಬಂದದ್ದು. ಅದರಲ್ಲಿ ಯಾರ ಪಕ್ಷ ನ್ಯಾಯದ್ದು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಸಮುರಾ ಆ ಅಚ್ಚನ್ನು ಒಡೆದರು. ಕೋದನ್ಶಾ ಸಂಸ್ಥೆಯ ‘ಆಫ್ಟರ್‌ನೂನ್’ ಮಾಸಿಕದಲ್ಲಿ 1993ರಲ್ಲಿ ಮಾಂಗಾ ಶುರುವಾದಾಗ ಅವರಿನ್ನೂ ಇಪ್ಪತ್ತರ ಹರೆಯದವರು. ನೂರು ಜನರನ್ನು ಕೊಂದ ಮಂಜಿ ಎಂಬ ಕತ್ತಿವರಸೆಗಾರನಿಗೆ ಯಾಓಬಿಕುನಿ ಎಂಬ ಸನ್ಯಾಸಿನಿ ಸಾವಿಲ್ಲದಂತೆ ಮಾಡುತ್ತಾಳೆ. ಮತ್ಸ್ಯಕನ್ಯೆಯ ಮಾಂಸ ತಿಂದು ಎಂಟುನೂರು ವರ್ಷ ಬದುಕಿದಳೆಂದು ಜಪಾನಿನ ಜನಪದ ಕಥೆಗಳು ಹೇಳುವ ಸನ್ಯಾಸಿನಿ ಇವಳೇ. ಅವಳು ಕೊಟ್ಟ ಹುಳುಗಳು ಅವನ ಮೈಯೊಳಗಿದ್ದು, ಕಡಿದ ಕೈಕಾಲುಗಳನ್ನು ಮತ್ತೆ ಕೂಡಿಸುತ್ತವೆ. ಸಾವಿರ ಜನ ದುಷ್ಟರನ್ನು ಕೊಂದರೆ ತನಗೆ ಸಾವು ಬರಲಿ ಎಂಬುದು ಅವನ ಹರಕೆ. ಇತ್ತ ರಿನ್ ಎಂಬ ಹುಡುಗಿಯ ತಂದೆ ತಾಯಿಯರ ಮೇಲೆ ಇತ್ತೊ-ರ್ಯೂ ಎಂಬ ತಂಡ ಎರಗಿ ಮನೆಯನ್ನೇ ಹಾಳುಮಾಡಿರುತ್ತದೆ. ಅವಳು ಮಂಜಿಯನ್ನು ಕಾವಲಿಗಿಟ್ಟುಕೊಂಡು ತಂಡದ ನಾಯಕ ಅನೊತ್ಸುವಿನ ಬೆನ್ನು ಹತ್ತುತ್ತಾಳೆ.

ಇಲ್ಲಿಯವರೆಗೆ ಹಳೆಯ ಅಚ್ಚೇ. ಆದರೆ ಅನೊತ್ಸುವಿನ ಕೃತ್ಯವೂ ಒಂದು ಸೇಡು. ಅವನ ಅಜ್ಜನನ್ನು ರಿನ್‌ಳ ಹಿರಿಯರು ತಮ್ಮ ಕತ್ತಿವರಸೆ ಶಾಲೆಯಿಂದ ಹೊರಹಾಕಿದ್ದರು. ಅಂದರೆ ಕಟ್ಟಳೆ ತಡೆಯಬಯಸಿದ ಮರುಸೇಡಿನ ಸರಪಳಿ ಇಲ್ಲಿ ಆಗಲೇ ಸುತ್ತಿಕೊಂಡಿದೆ, ರಿನ್ ಅದರ ಮೊದಲ ಕೊಂಡಿಯಲ್ಲ. ಮುಂದೆ ಅನೊತ್ಸು ಕಾಯಿಲೆ ಬಿದ್ದು ಅವಳ ಕೈಗೇ ಸಿಗುತ್ತಾನೆ, ಅವಳು ಕೊಲ್ಲುವುದಿಲ್ಲ. ಈ ಕೃತಿಯ ಎದೆಬಡಿತ ನನಗೆ ಕೇಳಿಸುವುದು ಈ ದಾರಿಯಲ್ಲೇ. ಅಲ್ಲಿಗೆ ತಲುಪಲು ಸಮುರಾ ನೂರಾರು ಪುಟ ತೆಗೆದುಕೊಂಡರು. ಇಡೀ ಕಥೆ ಮುಗಿಯುವಾಗ 2012 ಕಳೆಯುತ್ತಿತ್ತು, ಸಂಪುಟಗಳು 30 ಆಗಿದ್ದವು.

ಹೊರದೇಶಗಳಿಗೆ ಇದು ಮೊದಲು ಹೋದದ್ದು ಪುಸ್ತಕವಾಗಿಯೇ. ಅಮೆರಿಕದ ಡಾರ್ಕ್ ಹಾರ್ಸ್ 1996ರಿಂದ ಇಂಗ್ಲಿಷ್‌ನಲ್ಲಿ ಹೊರತಂದಿತು. ಆಗ ಬಲದಿಂದ ಎಡಕ್ಕೆ ಓದುವ ಮಾಂಗಾದ ಪುಟಗಳನ್ನು ಕನ್ನಡಿಬಿಂಬದಂತೆ ತಿರುಗಿಸಿ ಎಡದಿಂದ ಬಲಕ್ಕೆ ಓದುವಂತೆ ಅಚ್ಚುಹಾಕುವ ರೂಢಿಯಿತ್ತು. ಆದರೆ ಮಂಜಿಯ ಬೆನ್ನ ಮೇಲಿರುವುದು ಭಾರತದಿಂದ ಬೌದ್ಧಧರ್ಮದ ಜತೆ ಜಪಾನಿಗೆ ಹೋದ ಸ್ವಸ್ತಿಕ. ತಿರುಗಿಸಿದರೆ ಅದು ನಾಜಿಗಳ ಚಿಹ್ನೆಯ ದಿಕ್ಕಿಗೆ ಬರುತ್ತದೆ. ಹಾಗಾಗಿ ಚೌಕಟ್ಟುಗಳನ್ನು ಒಂದೊಂದಾಗಿ ಕತ್ತರಿಸಿ ಹೊಸದಾಗಿ ಜೋಡಿಸುವ ಶ್ರಮಕ್ಕೆ ಪ್ರಕಾಶಕರು ಕೈಹಾಕಿದರು. 2000ದಲ್ಲಿ ಆ ಆವೃತ್ತಿಗೆ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು.

ಮೊದಲ ಅನಿಮೆಯನ್ನು 2008ರಲ್ಲಿ ಬೀ ಟ್ರೇನ್ ಸ್ಟುಡಿಯೊ ಮಾಡಿತು, ನಿರ್ದೇಶಕ ಕೋಯಿಚಿ ಮಾಶಿಮೊ. ಮಾಂಗಾ ಮುಗಿಯಲು ಇನ್ನೂ ನಾಲ್ಕು ವರ್ಷವಿತ್ತು. ಅನಿಮೆ ನಿಧಾನವಾಗಿಯೇ ನಡೆದು, ಮೂಲ ಜಗಳ ಬಗೆಹರಿಯುವ ಮೊದಲೇ ನಿಂತುಹೋಯಿತು. ಇನ್ನೊಂದು ತೊಡಕೂ ಇತ್ತು. ಸಮುರಾ ಕಲಾಶಾಲೆಯಲ್ಲಿ ಪಳಗಿದ ಕೈ, ಪೆನ್ಸಿಲ್‌ನ ಒರಟು ಗೆರೆಯಲ್ಲೇ ಇಡೀ ದೃಶ್ಯಗಳನ್ನು ಬಿಡಿಸಿದವರು. ಸಾವಿರಾರು ಸಲ ಒಂದೇ ಮುಖ ಬರೆಯಬೇಕಾದ ಅನಿಮೆಯಲ್ಲಿ ಆ ಗೆರೆ ನುಣುಪಾಗಿ ಕಳೆದುಹೋಗುತ್ತದೆ.

ತಕಾಶಿ ಮೀಕೆಯ ಸಿನಿಮಾ 2017ರಲ್ಲಿ ಕಾನ್ ಉತ್ಸವದಲ್ಲಿ ಸ್ಪರ್ಧೆಯ ಹೊರಗೆ ಪ್ರದರ್ಶನಗೊಂಡಿತು. ತಕುಯಾ ಕಿಮುರಾ ಮಂಜಿ, ಹಾನಾ ಸುಗಿಸಾಕಿ ರಿನ್. ಕಾದಾಟಗಳು ಭರ್ಜರಿ. ಆದರೆ ಎರಡೂಕಾಲು ಗಂಟೆಯ ಆಸುಪಾಸಿನಲ್ಲಿ 30 ಸಂಪುಟ ತುಂಬಿಸಹೊರಟರೆ ಅನುಮಾನಕ್ಕೆ ಎಲ್ಲಿ ಜಾಗ?

2019ರ ಅಕ್ಟೋಬರ್‌ನಲ್ಲಿ ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಬಂದ ಸರಣಿಯೇ ನನಗೆ ಹತ್ತಿರವಾದದ್ದು. ಲೈಡೆನ್ ಫಿಲ್ಮ್ಸ್ ಮಾಡಿದ ಇದರ ನಿರ್ದೇಶಕ ಹಿರೋಶಿ ಹಮಾಸಾಕಿ, 2007ರಲ್ಲೇ ‘ಶಿಗುರುಯಿ’ ಎಂಬ ಘೋರ ಸಮುರಾಯ್ ಅನಿಮೆ ಮಾಡಿದ್ದವರು. ಮಾಂಗಾ ಮುಗಿದಿದ್ದರಿಂದ ಕೊನೆಯ ತನಕ ಹೋಗಲು ಅನಿಮೆಗೆ ಮೊದಲ ಬಾರಿಗೆ ಸಾಧ್ಯವಾಯಿತು. ಎಯ್ಕೊ ಇಶಿಬಾಶಿಯವರ ಸಂಗೀತ ಕತ್ತಿಯ ಸದ್ದನ್ನು ಹಿಗ್ಗಿಸದೆ ಅದರ ನಂತರದ ಖಾಲಿತನವನ್ನು ಹಿಡಿಯುತ್ತದೆ. ಮಂಜಿಗೆ ಕೆಂಜಿರೊ ತ್ಸುದಾ ಕೊಟ್ಟ ದಣಿದ ದನಿಯನ್ನು ಬದಲಿಸಿ ಊಹಿಸಿಕೊಳ್ಳಲು ನನ್ನಿಂದ ಆಗದು.

ಆದರೂ ಲೆಕ್ಕ ಹಾಕಿ: 30 ಸಂಪುಟ, 24 ಕಂತು. ಇಪ್ಪತ್ತು ಚಿಲ್ಲರೆ ನಿಮಿಷದ ಒಂದು ಕಂತು ಒಂದು ಸಂಪುಟಕ್ಕಿಂತ ಹೆಚ್ಚನ್ನು ನುಂಗಬೇಕು. ಇದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಸೆರೆಮನೆಯ ಭಾಗಕ್ಕೆ. ಮಂಜಿಯನ್ನು ಎದೊ ಕೋಟೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿ, ಅವನ ಅಮರತ್ವವನ್ನು ಬೇರೆಯವರ ಮೈಗೆ ಕಸಿಮಾಡಲು ಬುರಾಂದೊ ಎಂಬ ವೈದ್ಯ ಕೈದಿಗಳ ಕೈಕಾಲು ಕಡಿಯುತ್ತಾ ಹೋಗುತ್ತಾನೆ. ವಿದ್ಯಾವಂತನೊಬ್ಬ ಮೆಟ್ಟಿಲು ಮೆಟ್ಟಿಲಾಗಿ ರಾಕ್ಷಸನಾಗುವುದನ್ನು ಮಾಂಗಾ ಸಂಪುಟಗಟ್ಟಲೆ ತೋರಿಸುತ್ತದೆ. ತನ್ನ ಕಾವಲಿಗಿದ್ದ ಮಂಜಿಯನ್ನು ಬಿಡಿಸಲು ರಿನ್ ತಾನೇ ಒಳನುಗ್ಗುವುದು ಇಲ್ಲೇ. ಸೇಡನ್ನು ಬದಿಗಿಟ್ಟು ಅವಳು ಮಾಡುವ ಅತಿ ದೊಡ್ಡ ಕೆಲಸವೂ ಇದೇ. ಅನಿಮೆಯಲ್ಲಿ ಈ ಇಳಿತ ಕೆಲವೇ ಕಂತುಗಳಲ್ಲಿ ಓಡಿಹೋಗುತ್ತದೆ, ವೈದ್ಯ ಯಾವಾಗ ದಾರಿ ತಪ್ಪಿದನೆಂದು ಗುರುತಿಸುವಷ್ಟೂ ವ್ಯವಧಾನವಿಲ್ಲ.

ಹೊಸದಾಗಿ ನೋಡುವವರಿಗೆ ನಾನು ಹೇಳುವುದಿಷ್ಟೆ: 2019ರ ಸರಣಿಯಿಂದಲೇ ಆರಂಭಿಸಿ, ಮಂಜಿ ಸೆರೆಯಾದ ಕೂಡಲೇ ಅದನ್ನು ನಿಲ್ಲಿಸಿ ಆ ಭಾಗವನ್ನು ಪುಸ್ತಕದಲ್ಲಿ ಓದಿ. ರಿನ್ ಅವನನ್ನು ಹೊರಗೆ ಕರೆತಂದ ಮೇಲೆ ಮತ್ತೆ ಅನಿಮೆಗೆ ಬನ್ನಿ.