ಕೈ ನಡುಗುವ ನಟ, ಕೈ ತೊಳೆಯುವ ಡಾಕ್ಟರ್: ಒಂದು ಅತಿಥಿ ಪಾತ್ರದ ಹಿನ್ನೆಲೆ

ಕಾಯಿಲೆಯವರ ಪಾತ್ರವನ್ನು ಕಾಯಿಲೆ ಇರುವವರೇ ಮಾಡಬೇಕಾ, ಯಾರು ಮಾಡಿದರೂ ಅಡ್ಡಿಲ್ಲವಾ? ಈ ವಾದ ಈಗ ಎಷ್ಟು ಗೋಜಲಾಗಿದೆ ಅಂದರೆ, ಎರಡೂ ಕಡೆಯವರು ಒಬ್ಬನೇ ನಟನನ್ನು ಸಾಕ್ಷಿಗೆ ಕರೆಯುತ್ತಾರೆ. ಪಾರ್ಕಿನ್ಸನ್ ಎಂಬ ನರದ ಕಾಯಿಲೆಯಿರುವ ಹಾಲಿವುಡ್ ನಟ ಮೈಕೆಲ್ ಜೆ. ಫಾಕ್ಸ್. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡೋಣ.

ಶಿರಸಿ, ಕುಮಟಾ, ಹೊನ್ನಾವರ ಕಡೆಯವರಿಗೆ ಅತಿಥಿ ಕಲಾವಿದರು ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಯಕ್ಷಗಾನ ಆಟದ ಪೋಸ್ಟರಿನಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಒಂದು ವೇಷಕ್ಕೆ ಬರುತ್ತಾರೆ, ರಂಗಸ್ಥಳ ತುಂಬಿಸಿ ಹೋಗುತ್ತಾರೆ. ಅಮೆರಿಕದ ಟಿವಿಯಲ್ಲೂ ಇದೇ ಪದ್ಧತಿ ಇದೆ. ಆಸ್ಪತ್ರೆ ಇಟ್ಟುಕೊಂಡು ನಗಿಸುವುದೂ ಅಲ್ಲಿ ಹಳೆಯದೇ: 1972ರಲ್ಲಿ ಯುದ್ಧಭೂಮಿಯ ಆಸ್ಪತ್ರೆಯ ‘ಮ್ಯಾಶ್’ ಶುರುವಾಯಿತು, 1983ರಲ್ಲಿ ಮುಗಿಯಿತು, 2001ಕ್ಕೆ ‘ಸ್ಕ್ರಬ್ಸ್’ ಬಂತು. (ನಮ್ಮ ‘ಸಿಲ್ಲಿ ಲಲ್ಲಿ’ಯಲ್ಲೂ ಡಾಕ್ಟರ್ ವಿಠಲ್ ರಾವ್ ಇದ್ದರು, ಆದರೆ ಅಲ್ಲಿ ಕಾಯಿಲೆಗಿಂತ ಮನೆಮಂದಿಯ ರಗಳೆಯೇ ಜಾಸ್ತಿ.) ‘ಸ್ಕ್ರಬ್ಸ್’ನಲ್ಲಿ ರೆಕಾರ್ಡು ಮಾಡಿದ ನಗು ಇರಲಿಲ್ಲ. ಮುಚ್ಚಿಹೋದ ಒಂದು ನಿಜವಾದ ಆಸ್ಪತ್ರೆಯಲ್ಲೇ ಶೂಟಿಂಗ್. ನಗುತ್ತಿರುವಾಗಲೇ ಪಕ್ಕದ ಬೆಡ್ಡಿನಲ್ಲಿ ಯಾರೋ ಸಾಯುತ್ತಿದ್ದರು.

ಫಾಕ್ಸ್ ಕಥೆ ಅದಕ್ಕೂ ಹಿಂದಿನದು. 1990ರಲ್ಲಿ, ಡಾಕ್ಟರನ ಪಾತ್ರ ಮಾಡುತ್ತಿದ್ದ ‘ಡಾಕ್ ಹಾಲಿವುಡ್’ ಚಿತ್ರದ ಶೂಟಿಂಗ್ ಹೊತ್ತಿನಲ್ಲೇ ಅವರ ಎಡಗೈ ಕಿರುಬೆರಳು ತನ್ನಷ್ಟಕ್ಕೆ ಅದುರಲು ಶುರುವಾಯಿತು. ಮರುವರ್ಷ ಪಾರ್ಕಿನ್ಸನ್ ಅಂತ ಗೊತ್ತಾಯಿತು. ಆಗ ವಯಸ್ಸು 29. ಏಳು ವರ್ಷ ಜನರಿಂದ ಮುಚ್ಚಿಟ್ಟರು. ಎಡಗೈಯಲ್ಲಿ ಪೆನ್ನೋ ಕಾಗದವೋ ಏನಾದರೊಂದು ಹಿಡಿದುಕೊಂಡು, ಕ್ಯಾಮೆರಾ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ, ‘ಸ್ಪಿನ್ ಸಿಟಿ’ ಧಾರಾವಾಹಿ ನಡೆಸಿದರು. 1998ರಲ್ಲಿ ಬಹಿರಂಗವಾಗಿ ಹೇಳಿಕೊಂಡರು, 2000ದಲ್ಲಿ ಆ ಧಾರಾವಾಹಿ ಬಿಟ್ಟರು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಬಿಲ್ ಲಾರೆನ್ಸ್. ಮುಂದೆ ‘ಸ್ಕ್ರಬ್ಸ್’ ಮಾಡಿದ್ದೂ ಅವರೇ. ಹಳೆಯ ನಂಟು ಹೀಗೆ ಕೆಲಸಕ್ಕೆ ಬಂತು.

2004ರ ಶುರುವಿನಲ್ಲಿ, ಮೂರನೇ ಸೀಸನ್ನಿನ ಎರಡು ಕಂತಿಗೆ ಫಾಕ್ಸ್ ಬಂದರು. ಪಾತ್ರ ಡಾಕ್ಟರ್ ಕೆವಿನ್ ಕೇಸಿ. ಔಷಧಿಯಲ್ಲೂ ನಿಪುಣ, ಸರ್ಜರಿಯಲ್ಲೂ ನಿಪುಣ. ಯಾರಿಗೂ ತಲೆಬಾಗದ ಡಾಕ್ಟರ್ ಕಾಕ್ಸ್ ಕೂಡ ಅವನೆದುರು ಮಂಕಾಗುತ್ತಾನೆ. ಜೊತೆಗೆ ಕೇಸಿಗೆ ಓಸಿಡಿ, ಅಂದರೆ ಗೀಳಿನ ಕಾಯಿಲೆ. ಮುಟ್ಟಿದ್ದನ್ನೇ ಮುಟ್ಟಬೇಕು, ಮಾಡಿದ್ದನ್ನೇ ಮಾಡಬೇಕು. ಮೊದಲು ಇದೆಲ್ಲ ನಗು ಬರಿಸುತ್ತದೆ, ಬರಿಸಲಿ ಅಂತಲೇ ಬರೆದಿದ್ದಾರೆ. ಎರಡನೇ ಕಂತಿನ ಕೊನೆಗೆ ಜೆ.ಡಿ. ಎಂಬ ಎಳೆಯ ಡಾಕ್ಟರ್ ತನ್ನದೊಂದು ದೂರು ಹೊತ್ತು ಅವನನ್ನು ಹುಡುಕಿ ಬರುತ್ತಾನೆ. ಕೇಸಿ ಆಪರೇಷನ್ ಥಿಯೇಟರ್ ಪಕ್ಕ ನಿಂತು ಕೈ ತೊಳೆಯುತ್ತಿದ್ದಾನೆ. ಆಪರೇಷನ್ ಮುಗಿದು ಎರಡು ತಾಸಾಗಿದೆ. ನಿಲ್ಲಿಸಲು ಆಗುತ್ತಿಲ್ಲ. ಇದು ಯಾರೂ ನೋಡಬಾರದ ಗಳಿಗೆ ಅನ್ನುತ್ತಾನೆ, ಎಲ್ಲರಿಗೂ ಅವರವರ ಹೊರೆ ಇರುತ್ತದೆ, ನನ್ನದನ್ನು ಇನ್ನೊಬ್ಬರ ತಲೆ ಮೇಲೆ ಹಾಕುವುದಿಲ್ಲ ಅನ್ನುತ್ತಾನೆ. ಜೆ.ಡಿ.ಯ ದೂರು ಬಾಯಲ್ಲೇ ಉಳಿಯುತ್ತದೆ.

ಈ ಧಾರಾವಾಹಿಯ ಒಳ್ಳೆಯ ಅತಿಥಿ ಅಂದರೆ ಜಾಸ್ತಿ ಜನ ಬ್ರೆಂಡನ್ ಫ್ರೇಸರ್ ಹೆಸರು ಹೇಳುತ್ತಾರೆ. ಅದೂ ಸರಿಯೇ. ಆದರೆ ಫಾಕ್ಸ್ ಮಾಡಿದ್ದರ ಮಜಾ ಬೇರೆ. ತಾನು ಹೇಳಿದಂತೆ ಕೇಳದ ಕೈಯ ಪಾಡು ಅವರಿಗೆ ಗೊತ್ತಿತ್ತು, ಆದರೆ ತನ್ನ ಕಾಯಿಲೆಯನ್ನು ಅಲ್ಲಿ ಪ್ರದರ್ಶನಕ್ಕೆ ಇಡಲಿಲ್ಲ. ಬೇರೆ ಕಾಯಿಲೆಯ ವೇಷ ಕಟ್ಟಿಕೊಂಡು ಬಂದರು.

ಗೋಜಲು ಶುರುವಾಗಿದ್ದು ಆಮೇಲೆ. 2006ರಲ್ಲಿ ಒಂದು ಚುನಾವಣಾ ಜಾಹೀರಾತಿನಲ್ಲಿ ಅವರ ಮೈ ತೂಗಾಡುವುದು ಕಂಡಿತು. ಇದು ನಾಟಕ, ಇಲ್ಲವೇ ಬೇಕಂತಲೇ ಮಾತ್ರೆ ಬಿಟ್ಟಿದ್ದಾರೆ ಅನ್ನುವ ಆರೋಪ ಬಂತು. ನಿಜಾಂಶ ತಿರುಗುಮುರುಗು. ಪಾರ್ಕಿನ್ಸನ್ನಿನಲ್ಲಿ ಮೈ ಬಿಗಿಯುತ್ತದೆ, ಕೈ ನಡುಗುತ್ತದೆ. ಆ ತೂಗಾಟ ಮಾತ್ರ ಲೆವೊಡೋಪಾ ಎಂಬ ಔಷಧಿಯನ್ನು ವರ್ಷಗಟ್ಟಲೆ ತೆಗೆದುಕೊಂಡಾಗ ಬರುವಂಥದ್ದು. ಮಾತ್ರೆ ತೆಗೆದುಕೊಂಡಿದ್ದಕ್ಕೇ ಹಾಗಾಗಿತ್ತು. (ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೂ ಇದೇ ಲೆವೊಡೋಪಾ ಇದೆ. ಹಾಗಂತ ಕುಟ್ಟಿ ಪುಡಿ ಮಾಡಿ ತಿನ್ನಲು ಹೋಗಬೇಡಿ, ನ್ಯೂರಾಲಜಿಸ್ಟ್ ಬೇಕಂದರೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲಕ್ಕೆ ಓಡುವ ಜಿಲ್ಲೆ ನಮ್ಮದು.) ಒಬ್ಬ ಕಾಯಿಲೆಯವನ ಮೈಯನ್ನು ದಿಟವೋ ನಟನೆಯೋ ಅಂತ ತೂಕಕ್ಕೆ ಹಾಕುವ ಚಟ ಅಲ್ಲಿಂದ ಇವತ್ತಿನವರೆಗೂ ಹೋಗಿಲ್ಲ.

ಅದಕ್ಕೆ ಫಾಕ್ಸ್ ಕೊಟ್ಟ ಉತ್ತರವೂ ಅತಿಥಿ ಪಾತ್ರವೇ ಅನ್ನಿ. 2010ರಿಂದ ‘ದ ಗುಡ್ ವೈಫ್’ನಲ್ಲಿ ಲೂಯಿ ಕ್ಯಾನಿಂಗ್ ಎಂಬ ವಕೀಲನಾದರು. ಅವನ ಮೈಯೂ ತೂಗುತ್ತದೆ, ಮತ್ತೆ ಬೇರೆ ಕಾಯಿಲೆಯಿಂದ. ಅದನ್ನೇ ತೋರಿಸಿ ಕೋರ್ಟಿನಲ್ಲಿ ಜ್ಯೂರಿಯವರ ಕನಿಕರ ಗಿಟ್ಟಿಸುತ್ತಾನೆ, ಕೇಸು ಗೆಲ್ಲುತ್ತಾನೆ. ಕಾಯಿಲೆಯವರೆಲ್ಲ ಪಾಪದವರಾಗಿರಬೇಕು ಅಂತ ಕಾಯುತ್ತಿದ್ದವರಿಗೆ ಅದು ಸ್ವಲ್ಪ ಖಾರವೇ.

2020ರಲ್ಲಿ ನಟನೆಯಿಂದ ನಿವೃತ್ತಿ ಅಂದರು. 2023ರಲ್ಲಿ ಬಿಲ್ ಲಾರೆನ್ಸ್ ‘ಶ್ರಿಂಕಿಂಗ್’ ತಂದರು. ಮಾನಸಿಕ ಚಿಕಿತ್ಸಕರ ಕಥೆ. ಅದರಲ್ಲಿ ಪಾರ್ಕಿನ್ಸನ್ ಇರುವ ಪಾಲ್ ಪಾತ್ರಕ್ಕೆ ಹ್ಯಾರಿಸನ್ ಫೋರ್ಡ್. ಫೋರ್ಡ್‌ಗೆ ಆ ಕಾಯಿಲೆ ಇಲ್ಲ. ಮೂರನೇ ಸೀಸನ್ನಿಗೆ ಅತಿಥಿಯಾಗಿ ಫಾಕ್ಸ್ ಮತ್ತೆ ಬಂದರು, ಈ ಸಲ ತನ್ನದೇ ಕಾಯಿಲೆಯ ಪಾತ್ರದಲ್ಲಿ.

ಹಾಗಾದರೆ ಪಾಲ್ ಪಾತ್ರವನ್ನೇ ಫಾಕ್ಸ್‌ಗೆ ಯಾಕೆ ಕೊಡಲಿಲ್ಲ? ಈಗಿನ ಜಗಳ ಹೆಚ್ಚಾಗಿ ಇದರ ಸುತ್ತಲೇ ನಡೆಯುತ್ತದೆ. ದೊಡ್ಡ ಪಾತ್ರ ಅಂದರೆ ಸೀಸನ್ ಪೂರ್ತಿ ದುಡಿಮೆ. ದಿನಕ್ಕೆ ಹನ್ನೆರಡು ತಾಸು ಕೆಲಸ ಮಾಡಿ ಏಳು ಪುಟ ಮಾತು ಬಾಯಿಪಾಠ ಮಾಡುವ ಕಾಲ ತನಗೆ ಮುಗಿಯಿತು ಅಂತ ಫಾಕ್ಸ್ 2020ರಲ್ಲೇ ಬರೆದಿದ್ದರು. ನಮ್ಮ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು, ಆದರೆ ಇಡೀ ರಾತ್ರಿಯ ಆಟವನ್ನು ಅವರೊಬ್ಬರ ಮೇಲೇ ಹೊರಿಸಬೇಕು ಅಂತ ಆ ವಯಸ್ಸಿನಲ್ಲಿ ಯಾರೂ ಹಟ ಹಿಡಿಯಲಿಲ್ಲ. ಇಲ್ಲಿ ಆ ಹಟ ಹಿಡಿಯುತ್ತಿರುವವರು ಫಾಕ್ಸ್ ಮೇಲಿನ ಪ್ರೀತಿಯಿಂದಲೇ ಹಿಡಿಯುತ್ತಿದ್ದಾರೆ. ಎಷ್ಟು ಹೊತ್ತು ನಿಲ್ಲಲು ಆಗುತ್ತದೆ ಅನ್ನುವುದನ್ನು ಮಾತ್ರ ಅವರಲ್ಲಿ ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.