ಕೆಟ್ಟ ಎಲ್‌ಇಡಿ ಬಲ್ಬಿನ ಹೊಟ್ಟೆಯೊಳಗೆ

ಡಬ್ಬದ ಮೇಲೆ 25,000 ಗಂಟೆ ಬಾಳಿಕೆ ಅಂತ ಬರೆದಿರುತ್ತದೆ. ದಿನಕ್ಕೆ ಆರು ಗಂಟೆ ಉರಿಸಿದರೂ ಹನ್ನೊಂದು ವರ್ಷ ಬರಬೇಕು. ಆದರೆ ಎರಡೇ ವರ್ಷಕ್ಕೆ ಹೋದ ಬಲ್ಬು ಯಾರ ಮನೆಯಲ್ಲಿಲ್ಲ ಹೇಳಿ? ಹಾಗಂತ ಆ ಲೆಕ್ಕ ಪೂರ್ತಿ ಸುಳ್ಳೂ ಅಲ್ಲ. ಸಾಮಾನ್ಯವಾಗಿ ಅದು ಒಳಗಿನ ಎಲ್‌ಇಡಿಗಳ ಬೆಳಕು ಶೇ 70ಕ್ಕೆ ಇಳಿಯಲು ಹಿಡಿಯುವ ಸಮಯ. ಅದೂ ಬಿಸಿ ಮಿತಿಯಲ್ಲಿದ್ದರೆ ಮಾತ್ರ. ಅಷ್ಟು ಮುಪ್ಪಾಗುವ ತನಕ ಬಲ್ಬುಗಳು ಬದುಕುವುದೇ ಕಡಿಮೆ. ಬಹಳಷ್ಟು ಬಲ್ಬುಗಳನ್ನು ಬಿಸಿಯೇ ಕೊಲ್ಲುತ್ತದೆ. ಕೆಟ್ಟ 9 ವ್ಯಾಟ್ ಬಲ್ಬೊಂದನ್ನು ಬಿಚ್ಚಿದರೆ ಇದು ಕಣ್ಣಿಗೇ ಕಾಣುತ್ತದೆ.

ಬಿಚ್ಚುವ ಮುಂಚೆ ಒಂದು ಮಾತು. ಬಲ್ಬನ್ನು ಹೋಲ್ಡರಿನಿಂದ ತೆಗೆದ ಕೂಡಲೇ ಕೈ ಹಾಕಬೇಡಿ, ಸ್ವಲ್ಪ ಹೊತ್ತು ಬಿಡಿ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟ್‌ಗೂ ಜಾಸ್ತಿ ಉಳಿದಿರಬಹುದು. ಡೋಮ್ ತೆಗೆದ ಬಲ್ಬನ್ನು ಮತ್ತೆ ಹೋಲ್ಡರಿಗೆ ಹಾಕಿ ಮುಟ್ಟಲೇಬಾರದು. ಇಂಥ ಬಲ್ಬುಗಳಲ್ಲಿ ಹೆಚ್ಚಿನವು ಮನೆಯ ಕರೆಂಟಿನಿಂದ ಬೇರ್ಪಟ್ಟಿರುವುದಿಲ್ಲ. ಎಲ್‌ಇಡಿಯ ಬೆಸುಗೆಗೆ ಬೆರಳು ತಾಗಿದರೂ ಶಾಕ್ ಹೊಡೆಯುತ್ತದೆ.

ಮೇಲಿನ ಬಿಳಿ ಡೋಮ್ ಗಾಜಲ್ಲ, ಪ್ಲಾಸ್ಟಿಕ್. ಅಂಚಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಕೆಳಗೆ ದುಂಡನೆಯ ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ಸುತ್ತಲೂ ಹಳದಿ ಚೌಕಗಳು. ಇವೇ ಎಲ್‌ಇಡಿಗಳು. ತುಂಬಾ ಬಲ್ಬುಗಳಲ್ಲಿ ಇವು 2835 ಎಂಬ ಅಳತೆಯವು, ಅಂದರೆ 2.8 ಮಿ.ಮೀ. ಅಗಲ, 3.5 ಮಿ.ಮೀ. ಉದ್ದ.

ಒಂದು ಚೌಕದ ಹಳದಿ ಅಂಟನ್ನು ಸೂಜಿಯಿಂದ ಮೆಲ್ಲಗೆ ಎಬ್ಬಿಸಿ, ಭೂತಗನ್ನಡಿ ಹಿಡಿದು ನೋಡಿ. ತಳದಲ್ಲಿ ಒಂದು ಮಿಲಿಮೀಟರಿನಷ್ಟೂ ಅಗಲವಿಲ್ಲದ ಮಿನುಗುವ ಚೂರುಗಳು ಕಾಣುತ್ತವೆ. ಅವಕ್ಕೆ ಕರೆಂಟ್ ಕೊಡುವ ತಂತಿ ಕೂದಲಿಗಿಂತ ಸಪೂರ. ಬಹಳ ಸಲ ಅಂಟಿನ ಜೊತೆಗೆ ಅದೂ ಕಿತ್ತು ಬಂದುಬಿಡುತ್ತದೆ. ಬೆಳಕು ಕೊಡುವುದು ಆ ಚೂರು. ಅದು ಕೊಡುವುದು ಬಿಳಿ ಬೆಳಕನ್ನಲ್ಲ, ನೀಲಿ ಬೆಳಕನ್ನು. ಹಳದಿ ಅಂಟಿನಲ್ಲಿರುವ ಪುಡಿ ಆ ನೀಲಿಯಲ್ಲಿ ಒಂದಷ್ಟನ್ನು ಹೀರಿಕೊಂಡು ಹಳದಿ ಬೆಳಕಾಗಿ ಬಿಡುತ್ತದೆ. ಉಳಿದ ನೀಲಿ, ಈ ಹಳದಿ ಎರಡೂ ಬೆರೆತಾಗ ನಮ್ಮ ಕಣ್ಣಿಗೆ ಬಿಳಿ. ಅಂಟಿನಲ್ಲಿ ಕೆಂಪು ಕಡೆಗೆ ವಾಲುವ ಪುಡಿ ಸೇರಿಸಿದರೆ ಹಳೇ ಬಲ್ಬಿನಂಥ ಬೆಚ್ಚನೆಯ ಬೆಳಕು ಸಿಗುತ್ತದೆ.

ಆ ನೀಲಿ ಚೂರಿಗಾಗಿ ಜಗತ್ತು ಮೂವತ್ತು ವರ್ಷ ಕಾದಿದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ನೀಲಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ಬಿರುಕಿಲ್ಲದೆ ಬೆಳೆಸುವುದು ಯಾರಿಗೂ ಒಲಿದಿರಲಿಲ್ಲ. ಜಪಾನಿನ ನಗೋಯಾದಲ್ಲಿ ಇಸಾಮು ಅಕಸಾಕಿ ಮತ್ತು ಅವರ ವಿದ್ಯಾರ್ಥಿ ಹಿರೋಷಿ ಅಮಾನೊ 1986ರಲ್ಲಿ ಒಳ್ಳೆಯ ಹರಳು ಬೆಳೆಸಿದರು. ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರ 1993ರ ಹೊತ್ತಿಗೆ ಪ್ರಖರವಾದ ನೀಲಿ ಎಲ್‌ಇಡಿ ಮಾಡಿ ತೋರಿಸಿದರು. 2014ರ ಭೌತವಿಜ್ಞಾನದ ನೊಬೆಲ್ ಈ ಮೂವರಿಗೂ ಬಂತು. ನಾವು ಕಸಕ್ಕೆ ಎಸೆಯುವ ಬಲ್ಬಿನಲ್ಲಿ ಅಂಥ ಚೂರುಗಳು ಹತ್ತಾರು ಇರುತ್ತವೆ ಅನ್ನುವುದು ನನಗೆ ಇವತ್ತಿಗೂ ಅಚ್ಚರಿಯೇ.

ಈಗ ತಟ್ಟೆಯನ್ನು ಎತ್ತಿ. ಬೆನ್ನಿಗೆ ಬಿಸಿ ದಾಟಿಸುವ ಬಿಳಿ ಪೇಸ್ಟ್ ಮೆತ್ತಿರಬಹುದು. ಅಗ್ಗದ ಬಲ್ಬಿನಲ್ಲಿ ಅದೂ ಇರುವುದಿಲ್ಲ. ಅದರಡಿಯಲ್ಲಿ ಪುಟ್ಟ ಸರ್ಕ್ಯೂಟ್ ಬೋರ್ಡು, ಅದೇ ಡ್ರೈವರ್. ಹೋಲ್ಡರಿನಿಂದ ಬರುವ 230 ವೋಲ್ಟ್ ಎಸಿ ಕರೆಂಟು ಮೊದಲು ಒಂದು ಸಣ್ಣ ರೆಸಿಸ್ಟರನ್ನು ದಾಟುತ್ತದೆ. ಏನಾದರೂ ಎಡವಟ್ಟಾದರೆ ತಾನೇ ಸುಟ್ಟು ಬೆಂಕಿ ತಪ್ಪಿಸುವುದು ಅದರ ಕೆಲಸ. ಆಮೇಲೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ನಾಲ್ಕು ಡಯೋಡ್‌ಗಳ ಸೇತುವೆ ಎಸಿಯನ್ನು ಡಿಸಿ ಮಾಡುತ್ತದೆ. ಕೆಪ್ಯಾಸಿಟರ್ ಅದರ ಏರಿಳಿತವನ್ನು ಸಮ ಮಾಡುತ್ತದೆ. ಅಲ್ಲಿಗೆ ಸುಮಾರು 325 ವೋಲ್ಟ್. ಒಂದು ಎಲೆಕ್ಟ್ರಾನಿಕ್ ಚಿಪ್ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್, ಆಫ್ ಮಾಡುತ್ತಾ, ತಾಮ್ರದ ಕಾಯಿಲ್‌ನ ಜೊತೆ ಸೇರಿ ಎಲ್‌ಇಡಿಗಳಿಗೆ ಬೇಕಾದಷ್ಟಕ್ಕೆ ಇಳಿಸುತ್ತದೆ.

ಇಷ್ಟೆಲ್ಲ ಯಾಕೆ? ಎಲ್‌ಇಡಿಗೆ ವೋಲ್ಟೇಜ್ ತುಸು ಜಾಸ್ತಿಯಾದರೂ ಅದರೊಳಗೆ ಹರಿಯುವ ಕರೆಂಟು ಬೇಕಾಬಿಟ್ಟಿ ಏರುತ್ತದೆ. ಯಾರಾದರೂ ಕಡಿವಾಣ ಹಿಡಿದಿರಲೇಬೇಕು. ಡ್ರೈವರ್ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಹಳ್ಳಿಯಲ್ಲಿ ಪಂಪ್‌ಸೆಟ್‌ಗಳು ಶುರುವಾದಾಗ ಹಳೇ ಬಲ್ಬು ಕೆಂಪಗೆ ಮಂಕಾಗುತ್ತಿದ್ದದ್ದು ನೆನಪಿದೆ ಅಲ್ವಾ? ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ಅಷ್ಟು ಸುಲಭಕ್ಕೆ ಮಂಕಾಗುವುದಿಲ್ಲ. ಕೆಲವು ಅಗ್ಗದ ಬಲ್ಬುಗಳಲ್ಲಿ ಕಾಯಿಲೂ ಇಲ್ಲ, ದೊಡ್ಡ ಕೆಪ್ಯಾಸಿಟರೂ ಇಲ್ಲ. ಎಲ್ಲ ಆ ತಟ್ಟೆಯ ಮೇಲೇ ಮುಗಿದುಹೋಗಿರುತ್ತದೆ. ಅಂಥ ಬೆಳಕು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಪಟ್ಟೆಗಳು ಓಡುವುದು ಅದಕ್ಕೇ.

ಹಾಗಾದರೆ ಬಲ್ಬು ಸತ್ತದ್ದು ಎಲ್ಲಿ? ಹಳದಿ ಚೌಕಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಬಹಳಷ್ಟು ಸಲ ಒಂದರ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ ಸಿಗುತ್ತದೆ. ಸುಟ್ಟದ್ದು ಅದೊಂದೇ. ಆದರೆ ಎಲ್‌ಇಡಿಗಳು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಒಂದರ ಹಿಂದೆ ಒಂದು ಇರುವುದರಿಂದ ಎಲ್ಲವೂ ಆರಿಹೋಗುತ್ತವೆ. ಇಲ್ಲಿ ವಿದ್ಯುತ್ ಅಳೆಯುವ ಮಲ್ಟಿಮೀಟರ್ ನಂಬಿ ಮೋಸಹೋಗುವವರಿದ್ದಾರೆ. ಒಂದು ಚೌಕದಲ್ಲಿ ಮೂರು ಚೂರುಗಳಿದ್ದರೆ ಅದು ಬೆಳಗಲು ಸುಮಾರು 9 ವೋಲ್ಟ್ ಬೇಕು. ಮೀಟರಿನ ಡಯೋಡ್ ಪರೀಕ್ಷೆ ಅಷ್ಟು ಕೊಡುವುದಿಲ್ಲ. ಚೆನ್ನಾಗಿರುವುದೂ ಸತ್ತ ಹಾಗೆ ಕಾಣುತ್ತದೆ.

ಆ ಚುಕ್ಕಿ ಬಿಸಿಯ ಗುರುತು. ಹಳೇ ಬಲ್ಬಿನ ತಂತಿ ಕಾದು ಕೆಂಪಾಗುವುದಕ್ಕೇ ಇರುವುದು. ಅದರ ಬಿಸಿ ಕಿರಣಗಳಾಗಿ ತಾನೇ ಹೊರಟುಹೋಗುತ್ತದೆ. ಎಲ್‌ಇಡಿ ತಿನ್ನುವ ವಿದ್ಯುತ್ತು ಬಹಳ ಕಡಿಮೆ. ಆದರೂ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಪುಟ್ಟ ಚೂರಿನಲ್ಲೇ ಬಿಸಿಯಾಗಿ ನಿಲ್ಲುತ್ತದೆ. ಆ ಬಿಸಿ ತಟ್ಟೆಗೆ ಇಳಿದು, ತಟ್ಟೆಯಿಂದ ಬಲ್ಬಿನ ಮೈಗೆ ಹರಿದು, ಅಲ್ಲಿಂದ ಗಾಳಿಗೆ ಸೇರಬೇಕು. ದಾರಿಯಲ್ಲಿ ಒಂದು ಕಡೆ ತಡೆ ಬಿದ್ದರೂ ಬಿಸಿ ಒಳಗೇ ಕೂರುತ್ತದೆ. ಕೆಪ್ಯಾಸಿಟರೂ ಅದೇ ಸೆಕೆಯಲ್ಲಿ ಬೇಯುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಅರ್ಧ ಅನ್ನುವುದು ಎಂಜಿನಿಯರುಗಳ ರೂಢಿಯ ಲೆಕ್ಕ.

ಮೊದಮೊದಲು ಬಂದ ಎಲ್‌ಇಡಿ ಬಲ್ಬುಗಳು ರೆಕ್ಕೆರೆಕ್ಕೆಯಾದ ಅಲ್ಯೂಮಿನಿಯಂ ಮೈಯಿಂದ ಭಾರವಾಗಿದ್ದವು. ಆಮೇಲೆ ಬೆಲೆ ಇಳಿಯಿತು. ಕೇಂದ್ರದ ಉಜಾಲಾ ಯೋಜನೆಯ ಬಲ್ಬಿನ ಸಗಟು ಬೆಲೆ 2014ರಲ್ಲಿ 310 ರೂಪಾಯಿ ಇದ್ದದ್ದು, 2016ರ ಹೊತ್ತಿಗೆ 38ಕ್ಕೆ ಬಂತು. ಕರ್ನಾಟಕದಲ್ಲಿ ಇದೇ ಬಲ್ಬು ‘ಹೊಸಬೆಳಕು’ ಹೆಸರಿನಲ್ಲಿ ಮನೆಮನೆಗೆ ಬಂತು. ಬಡವರ ಮನೆಗೂ ಒಳ್ಳೆಯ ಬೆಳಕು ತಂದ ಈ ಇಳಿಕೆ ದೊಡ್ಡ ಸಾಧನೆಯೇ. ಆದರೆ ಇವತ್ತಿನ ಅಗ್ಗದ ಬಲ್ಬಿನಲ್ಲಿ ಅಲ್ಯೂಮಿನಿಯಂ ತೆಳ್ಳಗಾಗಿದೆ. ಕಡಿಮೆ ಎಲ್‌ಇಡಿ ಹಾಕಿ, ಒಂದೊಂದರಿಂದಲೂ ಜಾಸ್ತಿ ದುಡಿಸಿಕೊಳ್ಳುತ್ತಾರೆ.

ಇದನ್ನು ತಿರುಗಿಸಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ದುಬೈ ನಗರಾಡಳಿತಕ್ಕಾಗಿ ಫಿಲಿಪ್ಸ್ ಕಂಪನಿ 2016ರಲ್ಲಿ ಒಂದು ಬಲ್ಬು ತಂದಿತು. ಅದರಲ್ಲಿ ಎಲ್‌ಇಡಿಗಳು ಜಾಸ್ತಿ, ಒಂದೊಂದಕ್ಕೂ ಹೋಗುವ ಕರೆಂಟು ಕಡಿಮೆ. ಹಾಗಾಗಿ ಬಿಸಿಯೂ ಕಡಿಮೆ. ಪ್ರತಿ ವ್ಯಾಟಿಗೆ 200 ಲ್ಯೂಮೆನ್ ಬೆಳಕು. ಸಾಮಾನ್ಯ ಮನೆಬಲ್ಬು ಕೊಡುವುದು ಸುಮಾರು 100. ಅಂಥದ್ದು ಮಾಡಲು ಬರುತ್ತದೆ, ಮೊದಲಿಗೆ ದುಡ್ಡು ತುಸು ಜಾಸ್ತಿ ಬೀಳುತ್ತದೆ ಅಷ್ಟೇ.

ಸುಟ್ಟ ಎಲ್‌ಇಡಿಯ ಎರಡು ತುದಿಗೆ ಸೋಲ್ಡರ್ ಹಾಕಿ ಸೇರಿಸಿದರೆ ಬಲ್ಬು ಮತ್ತೆ ಹತ್ತುತ್ತದೆ. ಆದರೆ ಬಿಸಿಯ ತೊಂದರೆ ಹಾಗೇ ಇರುತ್ತದಲ್ಲ, ಸ್ವಲ್ಪ ದಿನಕ್ಕೆ ಇನ್ನೊಂದು ಹೋಗುತ್ತದೆ. ಅದಕ್ಕಿಂತ ತಟ್ಟೆಯನ್ನೇ ಬದಲಿಸುವುದು ವಾಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲ್‌ಇಡಿ ತಟ್ಟೆ, ಡ್ರೈವರ್ ಬಿಡಿಬಿಡಿಯಾಗಿಯೇ ಸಿಗುತ್ತವೆ. ಬೆಸುಗೆ ಬಲ್ಲವರು ಸ್ವಲ್ಪ ಹೊತ್ತಿನಲ್ಲೇ ಕೂರಿಸಿಕೊಡುತ್ತಾರೆ. ಹಾಕಿದ ಮೇಲೆ ಬಲ್ಬನ್ನು ನಾಲ್ಕೂ ಕಡೆ ಮುಚ್ಚಿದ ಗಾಜಿನ ಗೂಡಿನೊಳಗೆ ಇಡದೆ, ಗಾಳಿಯಾಡುವ ಹೋಲ್ಡರಿಗೆ ಹಾಕಿ.