ಮತ ಗುಟ್ಟಾದ ಮೇಲೆ ಹುಟ್ಟಿದ ಪ್ರಶ್ನೆ

1872ರ ಆಗಸ್ಟ್ 15ರಂದು ಇಂಗ್ಲೆಂಡಿನ ಪಾಂಟಿಫ್ರ್ಯಾಕ್ಟ್ ಎಂಬ ಪಟ್ಟಣದಲ್ಲಿ ಉಪಚುನಾವಣೆ ನಡೆಯಿತು. ಅಂದು ಬಳಸಿದ ಮತಪೆಟ್ಟಿಗೆಯೊಂದು ಈಗಲೂ ಆ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಅರಗಿನ ಮೇಲೆ ಒಂದು ಕೋಟೆ, ಒಂದು ಗೂಬೆ ಅಚ್ಚೊತ್ತಿ ನಿಂತಿವೆ. ಅದು ಸರ್ಕಾರದ ಮೊಹರಲ್ಲ. ಅದೇ ಊರಿನ ಮಿಠಾಯಿ ಕಾರ್ಖಾನೆಯಲ್ಲಿ ಜ್ಯೇಷ್ಠಮಧುವಿನ ಬಿಲ್ಲೆಗಳ ಮೇಲೆ ಒತ್ತುತ್ತಿದ್ದ ಅಚ್ಚು. ಗುಪ್ತ ಮತದಾನದ ಕಾಯ್ದೆ ಜಾರಿಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ.

ಅದಕ್ಕೂ ಮೊದಲು ಬ್ರಿಟನ್ನಿನ ಮತದಾರ ತನ್ನ ಆಯ್ಕೆಯನ್ನು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕಿತ್ತು. ಗುಮಾಸ್ತ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಯಾರು ಯಾರಿಗೆ ಮತ ಕೊಟ್ಟರು ಎಂಬ ಆ ಪಟ್ಟಿಗಳು ಎಷ್ಟೋ ಕಡೆ ಅಚ್ಚಾಗಿ ಮಾರಾಟವೂ ಆಗುತ್ತಿದ್ದವು. ಜಮೀನುದಾರ ತನ್ನ ಒಕ್ಕಲುಗಳ ಹೆಸರುಗಳನ್ನು ಒಂದೊಂದಾಗಿ ಓದಿ ನೋಡಬಹುದಿತ್ತು. 1868ರ ಚುನಾವಣೆಯಲ್ಲಿ ಧಣಿಯ ಮಾತು ಮೀರಿ ಮತ ಕೊಟ್ಟ ವೇಲ್ಸ್‌ನ ಗೇಣಿದಾರರು ಕೆಲವರು ನೆಲ, ಮನೆ ಎರಡನ್ನೂ ಕಳೆದುಕೊಂಡರು. ಮತಪತ್ರವನ್ನು ಮರೆಯಲ್ಲಿ ಗುರುತು ಹಾಕಿ ಮಡಚಿ ಹಾಕುವ ಪದ್ಧತಿಯನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾ ವಸಾಹತುಗಳು 1856ರಲ್ಲೇ ಜಾರಿಗೆ ತಂದಿದ್ದವು. ಬ್ರಿಟನ್ ಅದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಹದಿನಾರು ವರ್ಷ ಕಳೆದಿತ್ತು.

ಜನ ಹೀಗೇಕೆ ಮತ ಹಾಕುತ್ತಾರೆ ಎಂಬ ಪ್ರಶ್ನೆಯ ಚರಿತ್ರೆಯನ್ನು ನಾನು ಈ ಮುದ್ರೆಯಿಂದಲೇ ಆರಂಭಿಸುತ್ತೇನೆ. ಧಣಿಯ ಕಣ್ಣೆದುರು ಕೊಟ್ಟ ಮತಕ್ಕೆ ಕಾರಣ ಹುಡುಕುತ್ತ ದೂರ ಹೋಗಬೇಕಿರಲಿಲ್ಲ. ಮರೆಯಲ್ಲಿ ಒಬ್ಬನೇ ನಿಂತಾಗ ಅವನು ಏನು ಮಾಡುತ್ತಾನೆ, ಯಾಕೆ ಮಾಡುತ್ತಾನೆ ಎಂಬುದು ಒಗಟಾಯಿತು.

ಒಗಟಿನ ಹಿಂದೆ ಬಿದ್ದವರಲ್ಲಿ ಫ್ರಾನ್ಸಿನ ಆಂದ್ರೆ ಸೀಗ್‌ಫ್ರೀಡ್ ಮೊದಲಿಗರ ಸಾಲಿನವರು. 1913ರಲ್ಲಿ ಅವರು ಪಶ್ಚಿಮ ಫ್ರಾನ್ಸಿನ ಚುನಾವಣಾ ಫಲಿತಾಂಶಗಳನ್ನು ನಕ್ಷೆಗಳ ಮೇಲೆ ಹರಡಿ ನೋಡಿದರು. ಕಗ್ಗಲ್ಲಿನ ನೆಲ ಬಲಪಂಥಕ್ಕೆ, ಸುಣ್ಣಕಲ್ಲಿನ ನೆಲ ಎಡಪಂಥಕ್ಕೆ ಒಲಿದಂತೆ ಕಂಡಿತು. ಕಲ್ಲು ಮತ ಹಾಕುತ್ತದೆಯೇ ಎಂದು ನಗಬಾರದು. ಅವರ ವಿವರಣೆ ಕಲ್ಲಿನಿಂದ ನೀರಿಗೆ, ನೀರಿನಿಂದ ಮನೆಗೆ ಹೋಗುತ್ತದೆ. ಕಗ್ಗಲ್ಲಿನ ಸೀಮೆಯಲ್ಲಿ ಅಲ್ಲಲ್ಲಿ ಒರತೆಗಳಿರುವುದರಿಂದ ಮನೆಗಳು ಚದುರಿ ನಿಂತಿದ್ದವು. ಜಮೀನು ದೊಡ್ಡವರ ಕೈಯಲ್ಲಿತ್ತು, ಒಂಟಿ ಮನೆಯ ಒಕ್ಕಲಿಗನಿಗೆ ಜಮೀನುದಾರ ಮತ್ತು ಪಾದ್ರಿಯ ಮಾತೇ ಹೊರಜಗತ್ತಿನ ಮಾತು. ಸುಣ್ಣಕಲ್ಲಿನ ಸೀಮೆಯಲ್ಲಿ ನೀರು ಸಿಗುವುದು ಕೆಲವೇ ಕಡೆ. ಜನ ಬಾವಿಯ ಸುತ್ತ ಒತ್ತೊತ್ತಾಗಿ ಊರು ಕಟ್ಟಿಕೊಂಡರು, ಸಣ್ಣ ಹಿಡುವಳಿಗಳಿದ್ದವು, ನೆರೆಯವರ ನಡುವೆ ಮಾತುಕತೆ ನಡೆಯುತ್ತಿತ್ತು. ಮತದಾರ ದಿನಬೆಳಗಾದರೆ ಯಾರ ಮುಖ ನೋಡುತ್ತಾನೆ, ಯಾರ ಮಾತು ಕೇಳುತ್ತಾನೆ ಎಂಬುದನ್ನು ಅವರು ನಕ್ಷೆಯಲ್ಲಿ ಹಿಡಿದರು. ನೂರು ವರ್ಷಗಳ ಸಂಶೋಧನೆ ಮತ್ತೆ ಮತ್ತೆ ಆ ಬಾವಿಕಟ್ಟೆಗೇ ಮರಳಿ ಬಂದಿದೆ ಎಂದು ನನಗನ್ನಿಸುತ್ತದೆ.

ನಕ್ಷೆ ಸೀಮೆಯನ್ನು ತೋರಿಸುತ್ತದೆ, ಒಬ್ಬ ಮನುಷ್ಯನನ್ನಲ್ಲ. ಅವನನ್ನೇ ಕೇಳಬೇಕು. ಆದರೆ ಕೇಳುವುದಕ್ಕೂ ಒಂದು ಕ್ರಮ ಬೇಕು ಎಂಬುದನ್ನು ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 1936ರಲ್ಲಿ ನಷ್ಟ ತೆತ್ತು ಕಲಿಸಿತು. ಅದು ಸುಮಾರು ಒಂದು ಕೋಟಿ ಜನರಿಗೆ ಮಾದರಿ ಮತಪತ್ರ ಕಳುಹಿಸಿತ್ತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪ್ರಕಟಿಸಿತು. ಗೆದ್ದವರು ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳನ್ನು ನೆಚ್ಚಿಕೊಂಡದ್ದು, ಉತ್ತರಿಸಲು ಮನಸ್ಸಿದ್ದವರಷ್ಟೇ ಉತ್ತರಿಸಿದ್ದು ಎಡವಟ್ಟಾಯಿತು.

1940ರಲ್ಲಿ ವಿಯೆನ್ನಾದಿಂದ ವಲಸೆ ಬಂದಿದ್ದ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಗೆ ಹೋದರು. ಸುಮಾರು 600 ಮಂದಿಯನ್ನು ಆರಿಸಿಕೊಂಡು, ಮೇ ತಿಂಗಳಿಂದ ನವೆಂಬರ್‌ವರೆಗೆ ಅವರನ್ನೇ ಮತ್ತೆ ಮತ್ತೆ ಮಾತನಾಡಿಸಿದರು. ಪ್ರಚಾರ ಮನಸ್ಸನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಹಿಡಿಯಬೇಕೆಂಬುದು ಅವರ ಆಸೆ. ಜನ ಸರಕು ಕೊಳ್ಳುವಾಗ ಹೇಗೆ ತೀರ್ಮಾನಿಸುತ್ತಾರೆ ಎಂಬ ಅಧ್ಯಯನದಲ್ಲಿ ಪಳಗಿದ್ದ ಲಾಜರ್ಸ್‌ಫೆಲ್ಡ್, ಮತವೂ ಅಂಥದೇ ಇರಬಹುದೆಂದು ಹೊರಟಿದ್ದರು.

ಹಾಗಿರಲಿಲ್ಲ. ಆರು ತಿಂಗಳ ಭಾಷಣ, ರೇಡಿಯೊ, ಪತ್ರಿಕೆಗಳ ಅಬ್ಬರದ ನಂತರ ಒಂದು ಪಕ್ಷ ಬಿಟ್ಟು ಇನ್ನೊಂದಕ್ಕೆ ಹಾರಿದವರು ಶೇ 8ರಷ್ಟು ಮಾತ್ರ. ಅರ್ಧದಷ್ಟು ಜನರಿಗೆ ಪ್ರಚಾರ ಮಾಡಿದ್ದು ಇದ್ದ ಒಲವನ್ನು ಗಟ್ಟಿಗೊಳಿಸುವ ಕೆಲಸವನ್ನಷ್ಟೇ. ಒಬ್ಬನ ಧರ್ಮ, ಆರ್ಥಿಕ ಸ್ಥಿತಿ, ಪೇಟೆಯವನೋ ಹಳ್ಳಿಯವನೋ ಎಂಬ ಮೂರು ಸಂಗತಿ ಗೊತ್ತಿದ್ದರೆ ಅವನ ಮತವನ್ನು ಬಹುಮಟ್ಟಿಗೆ ಊಹಿಸಬಹುದಿತ್ತು. ಮನೆಯವರು, ಗೆಳೆಯರು, ಜೊತೆಗೆ ಕೆಲಸ ಮಾಡುವವರು ಒಂದೇ ದಿಕ್ಕಿಗೆ ವಾಲುತ್ತಿದ್ದರು. ಪತ್ರಿಕೆಯ ಮಾತು ನೇರವಾಗಿ ಎಲ್ಲರನ್ನೂ ತಲುಪುತ್ತಿರಲಿಲ್ಲ. ಸುತ್ತಲಿನವರು ಯಾರ ಮಾತಿಗೆ ಬೆಲೆ ಕೊಡುತ್ತಿದ್ದರೋ ಅವರ ಬಾಯಿಂದ ದಾಟಿ ಬರುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಗುಂಪು: ಧರ್ಮ ಒಂದು ಕಡೆ, ಜೇಬು ಇನ್ನೊಂದು ಕಡೆ ಎಳೆಯುತ್ತಿದ್ದವರು. ಅವರು ತೀರ್ಮಾನವನ್ನು ಕೊನೆಯ ಗಳಿಗೆಯವರೆಗೆ ಮುಂದೂಡಿದರು, ಕೆಲವರು ಚುನಾವಣೆಯ ಗೊಡವೆಯನ್ನೇ ಬಿಟ್ಟರು. ಇಂಥವರನ್ನು ಸೋಮಾರಿಗಳು, ನಿರಾಸಕ್ತರು ಎಂದು ಸುಲಭವಾಗಿ ತಳ್ಳಿಹಾಕುತ್ತೇವೆ. ಎರಡೂ ಕಡೆ ತನ್ನವರೇ ಇರುವಾಗ ಯಾರ ಕೈ ಬಿಡುವುದು ಎಂಬ ಕಷ್ಟ ಅದು.

ಅಲ್ಲಿಂದ ಮುಂದೆ ವಾದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಸರಿಯಿತು. ಆಂಗಸ್ ಕ್ಯಾಂಪ್‌ಬೆಲ್, ಫಿಲಿಪ್ ಕಾನ್ವರ್ಸ್ ಮತ್ತಿತರರು 1960ರಲ್ಲಿ ಮಂಡಿಸಿದ ಪ್ರಕಾರ ಪಕ್ಷದ ನಂಟು ಹೆಚ್ಚುಕಡಿಮೆ ಧರ್ಮದ ನಂಟಿನಂತೆ. ಅದು ತಂದೆತಾಯಿಯಿಂದ ಬರುತ್ತದೆ, ವಯಸ್ಸಾದಂತೆ ಬೇರು ಬಿಡುತ್ತದೆ, ಕಣ್ಣಿಗೆ ಕಾಣುವ ಸಂಗತಿಗಳಿಗೂ ತನ್ನ ಬಣ್ಣ ಬಳಿಯುತ್ತದೆ. 1956ರ ಚುನಾವಣೆಯ ಸಂದರ್ಶನಗಳಲ್ಲಿ ಎಡ, ಬಲ ಎಂಬ ಸಿದ್ಧಾಂತದ ಚೌಕಟ್ಟಿನಲ್ಲಿ ಪೂರ್ತಿಯಾಗಿ ಯೋಚಿಸುತ್ತಿದ್ದವರು ಶೇ 2.5ರಷ್ಟಿದ್ದರು. ಈ ಅಂಕಿಯನ್ನು ಮತದಾರನ ದಡ್ಡತನಕ್ಕೆ ಸಾಕ್ಷಿಯಾಗಿ ಹಿಡಿದವರು ಬಹಳ. ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲೇ ಬೇರೆ ಬಾಗಿಲು ತೆರೆದಿದ್ದರು: ಲಕ್ಷಾಂತರ ಮತಗಳ ನಡುವೆ ನನ್ನದೊಂದು ಮತ ಫಲಿತಾಂಶ ಬದಲಿಸುವ ಸಾಧ್ಯತೆ ತೀರಾ ಕಡಿಮೆ, ಹಾಗಿರುವಾಗ ಪ್ರಣಾಳಿಕೆಗಳನ್ನು ರಾತ್ರಿಯಿಡೀ ಓದದಿರುವುದು ಲೆಕ್ಕ ಬಲ್ಲವನ ನಡೆಯೇ. ಆದರೆ ಅದೇ ಲೆಕ್ಕ ಹಿಡಿದರೆ ಮತಗಟ್ಟೆಗೆ ಹೋಗುವುದೂ ದಂಡ. ಜನ ಹೋಗುತ್ತಾರಲ್ಲ! ಇದನ್ನು ಆ ಸಿದ್ಧಾಂತ ಇನ್ನೂ ಸಲೀಸಾಗಿ ಅರಗಿಸಿಕೊಂಡಿಲ್ಲ.

ಮತದಾರನ ಪರ ದಿಟ್ಟವಾಗಿ ನಿಂತವರು ಅಮೆರಿಕದ ರಾಜ್ಯಶಾಸ್ತ್ರಜ್ಞ ವಿ. ಒ. ಕೀ. ಅವರು ತೀರಿಕೊಂಡ ಮೂರು ವರ್ಷಗಳ ಮೇಲೆ, 1966ರಲ್ಲಿ ಪ್ರಕಟವಾದ ಅವರ ವಾದದ ತಿರುಳು, ಮತದಾರರು ಮೂರ್ಖರಲ್ಲ ಎಂಬುದು. ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಪಕ್ಷ ಬದಲಿಸಿದವರನ್ನೇ ಅವರು ಬೇರ್ಪಡಿಸಿ ನೋಡಿದರು. ಆ ಮತದಾರರ ಜಿಗಿತಕ್ಕೂ ಸರ್ಕಾರದ ನೀತಿಗಳ ಬಗ್ಗೆ ಅವರಿಗಿದ್ದ ಅಭಿಪ್ರಾಯಕ್ಕೂ ತಾಳೆಯಿತ್ತು. ಮುಂದೆ ಮೋರಿಸ್ ಫಿಯೊರಿನಾ 1981ರಲ್ಲಿ ಇದನ್ನು ಬೆಳೆಸಿದರು. ಮತದಾರ ನಾಳೆಯ ಭರವಸೆಗಳನ್ನು ತೂಗುವುದಕ್ಕಿಂತ ನಿನ್ನೆಯ ಆಡಳಿತಕ್ಕೆ ಅಂಕ ಕೊಡುತ್ತಾನೆ, ಬಾಳು ಹಸನಾಯಿತೇ, ಇರಲಿ, ಹದಗೆಟ್ಟಿತೇ, ಇಳಿಸು.

ಆದರೆ ಆ ಅಂಕ ನ್ಯಾಯವಾದದ್ದೇ? ಕ್ರಿಸ್ಟೋಫರ್ ಏಕನ್ ಮತ್ತು ಲ್ಯಾರಿ ಬಾರ್ಟಲ್ಸ್ ಇಲ್ಲಿ ಶಾರ್ಕ್‌ಗಳನ್ನು ತಂದರು. 1916ರ ಜುಲೈನಲ್ಲಿ ನ್ಯೂಜೆರ್ಸಿಯ ಕರಾವಳಿಯಲ್ಲಿ ಹನ್ನೆರಡು ದಿನಗಳೊಳಗೆ ಶಾರ್ಕ್ ದಾಳಿಗೆ ನಾಲ್ವರು ಬಲಿಯಾದರು, ಕಡಲ ದಂಡೆಗೆ ಬರುವವರಿಲ್ಲದೆ ಪ್ರವಾಸಿಗರನ್ನೇ ನಂಬಿದ್ದ ಊರುಗಳು ಕಂಗಾಲಾದವು. ನವೆಂಬರ್‌ನಲ್ಲಿ ಅದೇ ಊರುಗಳಲ್ಲಿ ಅಧ್ಯಕ್ಷ ವಿಲ್ಸನ್ ಅವರ ಮತ ಕುಸಿಯಿತು, ಮೀನಿನ ಪಾಪವನ್ನು ಅಧ್ಯಕ್ಷರ ತಲೆಗೆ ಕಟ್ಟಲಾಯಿತು ಎಂಬುದು ಅವರ ಲೆಕ್ಕ. 2018ರಲ್ಲಿ ಆಂಥನಿ ಫೌಲರ್ ಮತ್ತು ಆಂಡ್ರ್ಯೂ ಹಾಲ್ ಅದೇ ಅಂಕಿಅಂಶಗಳನ್ನು ಮತ್ತೆ ಜಾಲಾಡಿ, ಬೇರೆ ವರ್ಷಗಳ ದಾಳಿಗಳನ್ನೂ ಸೇರಿಸಿ, ಪುರಾವೆ ನಿಲ್ಲುವುದಿಲ್ಲ ಎಂದರು. ವಿವಾದ ತೀರಿಲ್ಲ. ಮತದಾರನನ್ನು ಹಳಿಯುವ ಕತೆ ಊರೆಲ್ಲ ಸುತ್ತಿದಷ್ಟು ವೇಗವಾಗಿ ಅದನ್ನು ಪ್ರಶ್ನಿಸುವ ಲೆಕ್ಕ ಸುತ್ತಲಿಲ್ಲ ಎಂಬ ಬೇಸರ ನನಗಿದೆ.

ಮುಖ ನೋಡಿ ಮಣೆ ಹಾಕುವುದು ಮಾತ್ರ ಸುಳ್ಳಲ್ಲ. 2009ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಪ್ರಯೋಗವೊಂದರಲ್ಲಿ, ಫ್ರಾನ್ಸಿನ ಸಂಸತ್ ಚುನಾವಣೆಯ ಅಭ್ಯರ್ಥಿಗಳ ಜೋಡಿ ಭಾವಚಿತ್ರಗಳನ್ನು ಮಕ್ಕಳ ಮುಂದಿಟ್ಟು, ನಿಮ್ಮ ಹಡಗಿಗೆ ಇವರಲ್ಲಿ ಯಾರು ಕಪ್ತಾನರಾಗಬೇಕು ಎಂದು ಕೇಳಿದರು. ಸುಮಾರು ಶೇ 70ರಷ್ಟು ಸಲ ಮಕ್ಕಳು ಆರಿಸಿದವರೇ ನಿಜವಾದ ಚುನಾವಣೆಯಲ್ಲಿ ಗೆದ್ದಿದ್ದರು.

ಈ ನಡುವೆ ಹಳೆಯ ನಂಟುಗಳೂ ಸಡಿಲಗೊಂಡಿವೆ. 1967ರಲ್ಲಿ ಸಮಾಜವಿಜ್ಞಾನಿಗಳಾದ ಲಿಪ್ಸೆಟ್ ಮತ್ತು ರೊಕ್ಕನ್, ಪಶ್ಚಿಮ ಯುರೋಪಿನ ಪಕ್ಷಗಳು 1920ರ ದಶಕದ ಬಿರುಕುಗಳ ಮೇಲೆಯೇ ನಿಂತಿವೆ ಎಂದಿದ್ದರು: ಮಾಲೀಕ ಮತ್ತು ಕಾರ್ಮಿಕ, ಚರ್ಚು ಮತ್ತು ಸರ್ಕಾರ, ಪೇಟೆ ಮತ್ತು ಹಳ್ಳಿ, ಕೇಂದ್ರ ಮತ್ತು ಅಂಚು. 1948ರಿಂದ 2020ರವರೆಗೆ 21 ಪಾಶ್ಚಾತ್ಯ ಪ್ರಜಾಪ್ರಭುತ್ವಗಳ ಮತಗಳನ್ನು ನೋಡಿದ ಗೆಥಿನ್, ಮಾರ್ಟಿನೆಜ್-ಟೊಲೆಡಾನೊ ಮತ್ತು ಪಿಕೆಟಿ ಅವರ ಅಧ್ಯಯನದಲ್ಲಿ, ಒಂದು ಕಾಲಕ್ಕೆ ಕಡಿಮೆ ಓದಿದವರ ಆಸರೆಯಾಗಿದ್ದ ಎಡಪಕ್ಷಗಳು ನಿಧಾನವಾಗಿ ಹೆಚ್ಚು ಓದಿದವರ ಪಕ್ಷಗಳಾದದ್ದು ಕಾಣುತ್ತದೆ. ಹಣವಿದ್ದವರು ಬಹುಪಾಲು ಬಲಕ್ಕೇ ಉಳಿದರು. ಬಾವಿಗಳು ಬದಲಾದವು, ಸುತ್ತ ಕೂರುವ ಜನ ಬೇರೆಯಾದರು.

ಹಳೆಯ ಆ ಅಚ್ಚಿನ ಪಟ್ಟಿ ಒಮ್ಮೆ ಬೇರೆ ವೇಷದಲ್ಲಿ ಮರಳಿಬಂದದ್ದೂ ಉಂಟು. 2006ರ ಆಗಸ್ಟ್‌ನಲ್ಲಿ ಮಿಷಿಗನ್ ರಾಜ್ಯದ ಪ್ರಾಥಮಿಕ ಚುನಾವಣೆಗೆ (ಪಕ್ಷಗಳ ಅಭ್ಯರ್ಥಿಗಳನ್ನು ಮತದಾರರೇ ಆರಿಸುವ ಚುನಾವಣೆ) ಮೊದಲು ಗರ್ಬರ್, ಗ್ರೀನ್, ಲ್ಯಾರಿಮರ್ ಎಂಬ ಮೂವರು ಸಂಶೋಧಕರು ಸುಮಾರು 1,80,000 ಮನೆಗಳನ್ನು ಪ್ರಯೋಗಕ್ಕೆ ಆರಿಸಿಕೊಂಡರು. ಒಂದು ಗುಂಪಿಗೆ ಮತದಾನ ನಿಮ್ಮ ಕರ್ತವ್ಯ ಎಂಬ ಕಾಗದ ಹೋಯಿತು. ಇನ್ನೊಂದಕ್ಕೆ ಹೋದ ಕಾಗದದಲ್ಲಿ ಆ ಮನೆಯವರ ಮತ್ತು ಅಕ್ಕಪಕ್ಕದವರ ಹೆಸರುಗಳು, ಹಿಂದಿನ ಚುನಾವಣೆಗಳಲ್ಲಿ ಯಾರು ಮತ ಹಾಕಿದ್ದರು, ಯಾರು ಹಾಕಿರಲಿಲ್ಲ ಎಂಬ ವಿವರ ಇತ್ತು. ಚುನಾವಣೆ ಮುಗಿದ ಮೇಲೆ ಹೊಸ ಪಟ್ಟಿ ಕಳುಹಿಸುವುದಾಗಿ ಕೊನೆಯಲ್ಲಿ ಬರೆದಿತ್ತು. ಯಾವ ಕಾಗದವೂ ಹೋಗದ ಮನೆಗಳಲ್ಲಿ ಶೇ 29.7ರಷ್ಟು ಮಂದಿ ಮತ ಹಾಕಿದರು. ಕರ್ತವ್ಯದ ಮಾತು ಅದನ್ನು ಎರಡಂಶದಷ್ಟೂ ಏರಿಸಲಿಲ್ಲ. ನೆರೆಯವರ ಹೆಸರಿದ್ದ ಕಾಗದ ಹೋದ ಮನೆಗಳಲ್ಲಿ ಅದು ಶೇ 37.8ಕ್ಕೆ ಏರಿತು. ಅವರು ಯಾರಿಗೆ ಮತ ಹಾಕಿದರು ಎಂಬ ಕಾಲಂ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.